ಬೆವರು ಮಂಜುಗಡ್ಡೆಯಾದ ಕಥೆ

ದಕ್ಷಿಣ ಧ್ರುವದ ಕಥೆಯಲ್ಲಿ ನಾಯಿ, ಹಿಮ, ಬಿರುಗಾಳಿ ಎಲ್ಲಾ ಬರ್ತಾವೆ. ಬಟ್ಟೆಯ ಮಾತು ಮಾತ್ರ ಕಡಿಮೆ.

1911ರ ಜೂನ್ ಕೊನೆಗೆ ಸ್ಕಾಟ್ ತಂಡದ ಮೂವರು ಪೆಂಗ್ವಿನ್ ಮೊಟ್ಟೆ ತರಲು ಹೊರಟರು. ಆಗ ಅಲ್ಲಿ ಸೂರ್ಯನೇ ಮೂಡದ ಚಳಿಗಾಲ. ಮೈಗೆ ಉಣ್ಣೆ, ಮೇಲೆ ಗಾಳಿ ತಡೆಯುವ ದಟ್ಟ ನೇಯ್ಗೆಯ ಬಟ್ಟೆ. ಹಿಮಗಾಡಿಯನ್ನು ತಾವೇ ಎಳೆದರು. ಬೆವರು ಹೊರಗೆ ಹೋಗದೆ ಬಟ್ಟೆಯಲ್ಲೇ ಹೆಪ್ಪುಗಟ್ಟಿತು. ಒಂದು ದಿನ ಚೆರ್ರಿ-ಗ್ಯಾರಾರ್ಡ್ ಡೇರೆಯಿಂದ ಹೊರಬಂದು ತಲೆ ಎತ್ತಿದರು. ಅಷ್ಟರಲ್ಲೇ ಬಟ್ಟೆ ಹಲಗೆಯಂತೆ ಸೆಟೆದು ತಲೆ ಇಳಿಸಲು ಬರಲಿಲ್ಲ. ನಾಲ್ಕು ತಾಸು ಹಾಗೇ ಗಾಡಿ ಎಳೆದರು! ಹೊರಟಾಗ 18 ಪೌಂಡು ಇದ್ದ ಅವರ ಮಲಗುವ ಚೀಲ ಮರಳಿದಾಗ 45 ಪೌಂಡು ತೂಗಿತು.

ಅಮುಂಡ್ಸನ್ 1903ರಿಂದ ಎರಡು ಚಳಿಗಾಲ ಕೆನಡಾದ ಉತ್ತರದಲ್ಲಿ ನೆಟ್ಸಿಲಿಕ್ ಜನರ ಹತ್ತಿರ ಇದ್ದು ಕಲಿತವರು. ಆ ಜನರ ಹೆಂಗಸರು ಹೊಲಿಯುವುದು ಹಿಮಸಾರಂಗದ ಚರ್ಮದ ಅಂಗಿ, ಎರಡು ಪದರ: ಒಳಗಿನದರ ಕೂದಲು ಮೈಕಡೆ, ಹೊರಗಿನದರದು ಹೊರಗೆ. ಸಡಿಲವಾಗಿರಬೇಕು, ಒಳಗೆ ಗಾಳಿ ಆಡಬೇಕು. ಬೆವರುವಷ್ಟು ಅವಸರ ಮಾಡಬಾರದು.

ಅಮುಂಡ್ಸನ್ 1911ರ ಡಿಸೆಂಬರ್ 14ಕ್ಕೆ ಧ್ರುವ ಮುಟ್ಟಿದರು. ಸ್ಕಾಟ್ ಮುಟ್ಟಿದ್ದು 1912ರ ಜನವರಿ 17ಕ್ಕೆ, ತಿರುಗಿ ಬರಲಿಲ್ಲ. ಬಟ್ಟೆಯಿಂದಲೇ ಸತ್ತರು ಅನ್ನೋದು ಅನ್ಯಾಯ. ಹಸಿವು, ದಣಿವು, ವಿಪರೀತ ಚಳಿ ಎಲ್ಲಾ ಕೂಡಿದ್ದವು. ಮೇಲಾಗಿ, ಗಾಡಿ ಎಳೆಯುವವನು ತುಪ್ಪಳ ತೊಟ್ಟರೆ ಇನ್ನಷ್ಟು ಬೆವರುತ್ತಾನೆ. ಅಮುಂಡ್ಸನ್ನರ ಗಾಡಿ ಎಳೆದದ್ದು ನಾಯಿಗಳು.