ತಕ್ಕಡಿಯಲ್ಲಿ ಹುಟ್ಟು ಮತ್ತು ನೆಲ: ಅಮೆರಿಕದ ದನಗಳು ಹೇಳುವ ಒಂದು ಚರಿತ್ರೆ



ಸಮ್ಮೇಳನದ ದಿಕ್ಸೂಚಿ ಭಾಷಣಕ್ಕೆ ದನಗಳ ತೂಕವೇ ವಿಷಯವೇ ಎಂದು ಕೆಲವರಿಗೆ ಅನ್ನಿಸಬಹುದು. ಅದೂ ಮಾಂಸಕ್ಕಾಗಿ ಸಾಕುವ ದನಗಳು. ತಿನ್ನುವ, ಬಿಡುವ ಚರ್ಚೆ ನನ್ನ ಇವತ್ತಿನ ಮಾತಲ್ಲ. "ಇದು ಹುಟ್ಟಿನಿಂದ ಬಂದದ್ದೋ, ಬೆಳೆದ ನೆಲದಿಂದ ಬಂದದ್ದೋ" ಎಂಬ ಪ್ರಶ್ನೆ ವಲಸೆ ಬಂದವರ ಮನೆಯಲ್ಲಿ ಮಕ್ಕಳ ಎತ್ತರ, ತೂಕ, ಮಾತು, ಓದು ಎಲ್ಲದರ ಸುತ್ತ ಸುಳಿಯುತ್ತಲೇ ಇರುತ್ತದೆ. ಅದೇ ಪ್ರಶ್ನೆಯನ್ನು ತಕ್ಕಡಿಯಲ್ಲಿಟ್ಟು ನೋಡಿದ ಚರಿತ್ರೆಯೊಂದು ಈ ದೇಶದಲ್ಲಿದೆ. ಅದನ್ನು ನಿಮ್ಮ ಮುಂದಿಡಲು ನಿಂತಿದ್ದೇನೆ.

1924ನೇ ಇಸವಿಯಿಂದ ಶುರುಮಾಡೋಣ. ಆ ವರ್ಷ ಈ ದೇಶದಲ್ಲಿ ಮೂರು ಸಂಗತಿಗಳು ನಡೆದವು. ಮೊದಲನೆಯದು, ಮೊಂಟಾನಾದ ಮೈಲ್ಸ್ ಸಿಟಿ ಪಕ್ಕದಲ್ಲಿ 1876ರಲ್ಲಿ ಸೈನ್ಯ ಕಟ್ಟಿದ್ದ ಫೋರ್ಟ್ ಕಿಯೋ ಎಂಬ ಠಾಣೆಯ ಜಮೀನನ್ನು ಕೃಷಿ ಇಲಾಖೆಗೆ, ಜಾನುವಾರು ಸಂಶೋಧನೆಗೆಂದು ಒಪ್ಪಿಸಲಾಯಿತು. ಎರಡನೆಯದು, ಭಾರತದಿಂದ ತಂದ ಡುಬ್ಬದ ದನಗಳಿಂದ ಬೆಳೆಸಿದ ತಳಿಗೆ ಬ್ರಾಹ್ಮನ್ ಎಂಬ ಹೆಸರಿಟ್ಟು, ಅದರ ಸಾಕಣೆದಾರರು ಸಂಘ ಕಟ್ಟಿಕೊಂಡರು. ಈ ತಳಿಯೊಳಗೆ ಕಾಂಕ್ರೇಜ್, ನೆಲ್ಲೂರು, ಗಿರ್ ದನಗಳ ಜೊತೆಗೆ ನಮ್ಮ ಕೃಷ್ಣಾ ಕಣಿವೆಯ ತಳಿಯ ರಕ್ತವೂ ಸೇರಿದೆ. ಎರೆಮಣ್ಣಿನಲ್ಲಿ ನೇಗಿಲೆಳೆಯಲು ಜಮಖಂಡಿ, ಸಾಂಗ್ಲಿ ಸೀಮೆಯಲ್ಲಿ ರೂಪುಗೊಂಡ ದನ ಅದು. ಮೂರನೆಯದು, ಹೊಸ ವಲಸೆ ಕಾಯ್ದೆ ಬಂತು. 1917ರ ಕಾಯ್ದೆಯೇ ಭಾರತೀಯರಿಗೆ ಬಾಗಿಲು ಮುಚ್ಚಿತ್ತು. 1924ರದು ಅದಕ್ಕೆ ಇನ್ನೊಂದು ಅಗುಳಿ ಹಾಕಿತು. ಕೃಷ್ಣಾ ತೀರದ ಹೋರಿಗೆ ಇಲ್ಲಿ ಜಾಗ ಸಿಕ್ಕಿತು, ಅದನ್ನು ಸಾಕಿದ ರೈತನಿಗೆ ಸಿಗಲಿಲ್ಲ.

ಇವು ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳಂತೆ ಕಾಣುತ್ತವೆ. ಆದರೆ ಸಂಬಂಧ ಇದೆ. 1903ರಲ್ಲಿ ಹುಟ್ಟಿದ ಅಮೆರಿಕನ್ ಬ್ರೀಡರ್ಸ್ ಅಸೋಸಿಯೇಷನ್ ಬೆಳೆ ಮತ್ತು ಜಾನುವಾರು ತಳಿಗಾರರ ಕೂಟ. ಕೆಲವೇ ವರ್ಷಗಳಲ್ಲಿ ಅದು ಮನುಷ್ಯರ "ತಳಿ ಸುಧಾರಣೆ"ಗೂ ಒಂದು ಸಮಿತಿ ಮಾಡಿತು. ವಲಸೆ ಕಾಯ್ದೆ ರೂಪಿಸಿದ ಕಾಂಗ್ರೆಸ್ ಸಮಿತಿಗೆ "ತಜ್ಞ"ನಾಗಿ ಸಲಹೆ ಕೊಟ್ಟ ಹ್ಯಾರಿ ಲಾಫ್ಲಿನ್ ಮೊದಲು ಕೃಷಿ ಪಾಠ ಹೇಳುತ್ತಿದ್ದವನು. ಒಳ್ಳೆಯ ಹೋರಿಯಿಂದ ಒಳ್ಳೆಯ ಕರು, ಆದ್ದರಿಂದ ಒಳ್ಳೆಯ ಕುಲದಿಂದ ಒಳ್ಳೆಯ ಪ್ರಜೆ ಎಂಬುದು ಅವರ ತರ್ಕ. ಅದೇ ಕಾಲದಲ್ಲಿ ಫ್ರಾನ್ಜ್ ಬೋಯಾಸ್ ಎಂಬ ಮಾನವಶಾಸ್ತ್ರಜ್ಞ ವಲಸಿಗರ ಮಕ್ಕಳ ಮೈಯಳತೆ ತೆಗೆದು, ಈ ನೆಲದಲ್ಲಿ ಹುಟ್ಟಿದ ಮಕ್ಕಳ ಮೈಕಟ್ಟು ತಂದೆತಾಯಿಗಳದಕ್ಕಿಂತ ಬದಲಾಗಿದೆ ಎಂದು 1911ರಲ್ಲೇ ತೋರಿಸಿದ್ದ. ಕಾಯ್ದೆ ಮಾಡುವವರು ಅದಕ್ಕೆ ಕಿವಿಗೊಡಲಿಲ್ಲ.

ಹಾಗಾದರೆ ದನಗಳಲ್ಲಾದರೂ ಆ ತರ್ಕ ಅಷ್ಟು ಸರಳವಾಗಿತ್ತೇ? ಮೈಲ್ಸ್ ಸಿಟಿಯ ದಾಖಲೆಗಳು ಇಲ್ಲ ಎನ್ನುತ್ತವೆ.

ಕರುವಿನ ತೂಕ ನೋಡಿ ಅದರ ಗುಣ ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಎರಡು ಕರು, ಹುಟ್ಟಿದಾಗ ತಲಾ 35 ಕೆ.ಜಿ. ಎಂದುಕೊಳ್ಳಿ. ತಾಯಿ ಹಾಲು ಬಿಡಿಸುವ ದಿನ ಒಂದು 225 ಕೆ.ಜಿ., ಇನ್ನೊಂದು 233 ಕೆ.ಜಿ. ತೂಗಿತು. ಎರಡನೆಯದೇ ಮೇಲು ಅನ್ನುತ್ತೀರಿ. ಆದರೆ ಮೊದಲನೆಯದರ ವಯಸ್ಸು 190 ದಿನ, ಎರಡನೆಯದರದು 220 ದಿನ. ದಿನಕ್ಕೆ ಎಷ್ಟು ಬೆಳೆಯಿತು ಎಂದು ನೋಡಿ, ಇಲ್ಲಿನ ರೂಢಿಯಂತೆ ಎರಡನ್ನೂ 205 ದಿನಕ್ಕೆ ಹೊಂದಿಸಿದರೆ ಮೊದಲನೆಯದು 240 ಕೆ.ಜಿ., ಎರಡನೆಯದು 220ರ ಹತ್ತಿರ. ಇಷ್ಟಕ್ಕೇ ಮುಗಿಯಲಿಲ್ಲ. ಚೊಚ್ಚಲ ಹಸುವಿನ ಕರು ಸಾಮಾನ್ಯವಾಗಿ ಹಗುರ, ಏಕೆಂದರೆ ತಾಯಿಯ ಹಾಲು ಕಡಿಮೆ. ಗಂಡು ಕರು ಹೆಣ್ಣಿಗಿಂತ ಭಾರ. ಆ ವರ್ಷದ ಮಳೆ, ಹುಲ್ಲು ಬೇರೆ. ತಾಯಿಯ ಹಾಲಂತೂ ವಿಚಿತ್ರ: ಕರುವಿಗೆ ಅದು ಪರಿಸರ, ತಾಯಿಗೆ ಭಾಗಶಃ ವಂಶದ ಕೊಡುಗೆ.

ಈ ಗೋಜಲನ್ನು ಬಿಡಿಸಲು ದಾರಿ ಹುಡುಕಿದವರಲ್ಲಿ ಸ್ಯೂಯಲ್ ರೈಟ್ ಮತ್ತು ಅಯೋವಾದ ಜೇ ಲಷ್ ಮುಖ್ಯರು. ಲಷ್ ಬಳಕೆಗೆ ತಂದ ಆನುವಂಶೀಯತೆಯ ಲೆಕ್ಕ ಕೇಳುವುದು ಇಷ್ಟು: ಒಂದು ಮಂದೆಯೊಳಗಿನ ವ್ಯತ್ಯಾಸದಲ್ಲಿ ಎಷ್ಟು ಪಾಲು ವಂಶದ್ದು? 1946ರಲ್ಲಿ ಮೈಲ್ಸ್ ಸಿಟಿಯ ಬ್ರಾಡ್‌ಫರ್ಡ್ ನ್ಯಾಪ್ ಮತ್ತು ಆರ್ನೆ ನಾರ್ಡ್‌ಸ್ಕಾಗ್ ಈ ಲೆಕ್ಕವನ್ನು ಹೆರ್‌ಫೋರ್ಡ್ ದನಗಳಿಗೆ ಹಚ್ಚಿದರು. ಹಾಲು ಬಿಡಿಸುವಾಗಿನ ತೂಕದಲ್ಲಿ ವಂಶದ ಪಾಲು ಚಿಕ್ಕದಾಗಿ ಕಂಡಿತು. ಅದೇ ಕರುಗಳನ್ನು ಒಂದೇ ಕೊಟ್ಟಿಗೆಯಲ್ಲಿ ಒಂದೇ ಮೇವು ಹಾಕಿ ಬೆಳೆಸಿದ ಮೇಲೆ ಆ ಪಾಲು ಬಹಳ ದೊಡ್ಡದಾಗಿ ಕಂಡಿತು. ಎಲ್ಲರಿಗೂ ಸಮನಾಗಿ ಸಿಕ್ಕಾಗ ಉಳಿಯುವ ವ್ಯತ್ಯಾಸದಲ್ಲಿ ವಂಶ ಎದ್ದು ಕಾಣುವುದು ಸಹಜ. ಒಬ್ಬರಿಗೆ ಹೊಟ್ಟೆತುಂಬ, ಇನ್ನೊಬ್ಬರಿಗೆ ಅರೆಹೊಟ್ಟೆ ಇದ್ದಾಗ ತಕ್ಕಡಿ ತೂಗುವುದು ಮೇವನ್ನು.

ಇನ್ನೂ ದೊಡ್ಡ ಪರೀಕ್ಷೆ ಬಂದದ್ದು 1960ರ ದಶಕದಲ್ಲಿ. ಮೈಲ್ಸ್ ಸಿಟಿಯಲ್ಲಿ 1934ರಲ್ಲಿ ಆರಂಭವಾದ "ಲೈನ್ 1" ಎಂಬ ಹೆರ್‌ಫೋರ್ಡ್ ಮಂದೆ ಇತ್ತು. ಎರಡು ಮಲಸಹೋದರ ಹೋರಿಗಳಿಂದ ಶುರುವಾಗಿ, ಹೊರಗಿನ ರಕ್ತ ಸೇರಿಸದೆ ಕಾಪಾಡಿದ ವಂಶ ಅದು. ಹಿಮ, ಒಣಗಾಳಿ, ಬಯಲು ಹುಲ್ಲು ಅದಕ್ಕೆ ಒಗ್ಗಿತ್ತು. ಅತ್ತ ಫ್ಲೋರಿಡಾದ ಬ್ರೂಕ್ಸ್‌ವಿಲ್‌ನಲ್ಲಿ ಸೆಕೆ, ತೇವ, ಹುಳು ಹುಪ್ಪಟೆಗಳ ನಡುವೆ ಬೆಳೆದ ಇನ್ನೊಂದು ಹೆರ್‌ಫೋರ್ಡ್ ಮಂದೆ. ಎರಡೂ ಒಂದೇ ತಳಿ. ಸಂಶೋಧಕರು ಅಲ್ಲಿನ ಒಂದು ಭಾಗವನ್ನು ಇಲ್ಲಿಗೆ, ಇಲ್ಲಿನ ಒಂದು ಭಾಗವನ್ನು ಅಲ್ಲಿಗೆ ಸಾಗಿಸಿ, ಅವುಗಳ ಮರಿತಲೆಮಾರುಗಳನ್ನು ವರ್ಷಗಟ್ಟಲೆ ತೂಗಿದರು. ಮಾರ್ವಿನ್ ಕೋಗರ್, ಬರ್ನ್ಸ್ ಮತ್ತು ಸಂಗಡಿಗರ ವರದಿಗಳು 1979ರಲ್ಲಿ ಹೊರಬಂದವು.

ಮೊಂಟಾನಾದಲ್ಲಿ ಮೊಂಟಾನಾದ ವಂಶ ಮೇಲಾಯಿತು. ಫ್ಲೋರಿಡಾದಲ್ಲಿ ಫ್ಲೋರಿಡಾದ ವಂಶ ಮೇಲಾಯಿತು. ಗಬ್ಬವಾಗುವುದರಲ್ಲೂ, ಕರುಗಳ ಬೆಳವಣಿಗೆಯಲ್ಲೂ ಇದೇ ಕಥೆ. ಫ್ಲೋರಿಡಾದ ಸೆಕೆಯಲ್ಲಿ ಯಾವ ವಂಶದ ಕರುವಾದರೂ ಮೊಂಟಾನಾದಲ್ಲಿ ಹುಟ್ಟಿದ್ದಕ್ಕಿಂತ ಹಗುರವಾಗಿಯೇ ಹುಟ್ಟುತ್ತಿತ್ತು. ಯಾವ ವಂಶ ಶ್ರೇಷ್ಠ ಎಂಬ ಪ್ರಶ್ನೆಗೆ "ಎಲ್ಲಿ?" ಎಂಬ ಮರುಪ್ರಶ್ನೆಯಿಲ್ಲದೆ ಉತ್ತರವೇ ಇಲ್ಲವಾಯಿತು.

ವಂಶಕ್ಕೆ ಬೆಲೆಯಿಲ್ಲ ಎಂದು ಇದರ ಅರ್ಥವಲ್ಲ. ಈಗಿನ ಲೆಕ್ಕದಲ್ಲಿ ಹಾಲು ಬಿಡಿಸುವಾಗಿನ ತೂಕದ ವ್ಯತ್ಯಾಸದಲ್ಲಿ ಸುಮಾರು ಕಾಲು ಭಾಗ, ಹುಟ್ಟುತೂಕದಲ್ಲಿ ಸುಮಾರು ಶೇ. 40 ವಂಶದ್ದು ಎನ್ನುತ್ತಾರೆ. 2009ರಲ್ಲಿ ಜಗತ್ತಿನ ಮುಂದಿಟ್ಟ ದನದ ಜೀನೋಮ್ ಅದೇ ಲೈನ್ 1 ಮಂದೆಯ ಡಾಮಿನೆಟ್ ಎಂಬ ಹಸುವಿನದು. ಆದರೆ ಈ ಶೇಕಡಾವಾರು ಒಂದು ಮಂದೆಗೆ, ಒಂದು ಕಾಲಕ್ಕೆ, ಒಂದು ಬಗೆಯ ಸಾಕಣೆಗೆ ಸೇರಿದ್ದು. ಒಂದು ಮಂದೆಯೊಳಗಿನ ಅಂಕಿಯನ್ನು ಹಿಡಿದು ಇನ್ನೊಂದು ಮಂದೆ ಕೀಳು ಎಂದು ಹೇಳಲು ಬರುವುದಿಲ್ಲ. ಇದನ್ನು ದನಗಾಹಿಗಳು ಬಲ್ಲರು. ಅದಕ್ಕೇ ಒಂದೇ ಋತುವಿನಲ್ಲಿ, ಒಂದೇ ಹುಲ್ಲುಗಾವಲಿನಲ್ಲಿ ಬೆಳೆದ ಕರುಗಳನ್ನು ಮಾತ್ರ ಅವರು ನೇರವಾಗಿ ಹೋಲಿಸುತ್ತಾರೆ.

1924ರಲ್ಲಿ ಮನುಷ್ಯರ ಮೇಲೆ ಕಾಯ್ದೆ ಮಾಡಿದವರು ದನಕ್ಕೆ ಸಲ್ಲುವ ಈ ನ್ಯಾಯವನ್ನೂ ತೋರಲಿಲ್ಲ. ಹಡಗಿನಿಂದ ಇಳಿದ ಬಡವನನ್ನು ಇಲ್ಲೇ ಉಂಡು ಬೆಳೆದವನ ಪಕ್ಕ ನಿಲ್ಲಿಸಿ, ವ್ಯತ್ಯಾಸವೆಲ್ಲ ರಕ್ತದ್ದು ಎಂದರು. ನಮ್ಮವರಿಗೆ ಆ ಬಾಗಿಲು 1946ರಲ್ಲಿ ಸ್ವಲ್ಪ, 1965ರಲ್ಲಿ ಚೆನ್ನಾಗಿ ತೆರೆಯಿತು. ನಾವಿಲ್ಲಿ ಕೂತಿರುವುದು ಆ ಬದಲಾವಣೆಯಿಂದ.

ಆದ್ದರಿಂದ ಬಂಧುಗಳೇ, "ಆ ಜನ ಹುಟ್ಟಾ ಹಾಗೆ" ಎಂಬ ಮಾತು ನಮ್ಮ ಬಗ್ಗೆ ಬಂದಾಗ ಮಾತ್ರ ನಾವು ನೊಂದುಕೊಂಡರೆ ಸಾಲದು. ನಮ್ಮ ಊಟದ ಮೇಜಿನಲ್ಲಿ ಇನ್ನೊಂದು ಜನದ ಬಗ್ಗೆ, ಊರಿನಲ್ಲಿ ಉಳಿದ ನೆಂಟರ ಬಗ್ಗೆ, ನಮ್ಮದೇ ಎರಡು ಮಕ್ಕಳ ಬಗ್ಗೆ ಅದು ಬಂದಾಗಲೂ ಕೇಳಬೇಕು: ಇಬ್ಬರಿಗೂ ಮೇವು ಸಮನಾಗಿ ಬಿದ್ದಿತ್ತೇ? ಮೈಲ್ಸ್ ಸಿಟಿಯವರು ತಕ್ಕಡಿಯ ಮುಳ್ಳು ನೋಡುವ ಮೊದಲು ಕೇಳಲು ಕಲಿತ ಪ್ರಶ್ನೆ ಅದೇ.