ಉದ್ಯೋಗದ ಅರ್ಜಿ: ಬಿನ್ನಹದಿಂದ ಯೋಗ್ಯತಾವಿವರಣೆಯವರೆಗೆ

ಸೀತಾ ಸುವರ್ಣಾ ನದಿಗಳ ನಡುವಣ ಬ್ರಹ್ಮಾವರದ ಸೀಮೆಯಲ್ಲಿ ಬತ್ತದ ಗದ್ದೆ, ತೆಂಗಿನ ತೋಟ, ಕಡಲಿನ ಮೀನು ಇವು ಬಹುಕಾಲದಿಂದ ಜನರಿಗೆ ಜೀವನಾಧಾರವಾಗಿದ್ದುವು. ಕುಟುಂಬಗಳು ಬೆಳೆದು ಹಿಡುವಳಿಯು ಸಾಲದಾಗಲು ಇಲ್ಲಿಯ ತರುಣರು ಮಂಗಳೂರು, ಮದರಾಸು, ಬೆಂಗಳೂರು, ಮುಂಬಯಿಗಳತ್ತ ಹೊರಟರು. ಊರಿನಲ್ಲಿ ಮನೆತನದ ಹೆಸರೇ ಸಾಕಾಗಿದ್ದಿತು. ಪರಸ್ಥಳದಲ್ಲಿ ತನ್ನನ್ನರಿಯದವನಿಗೆ ತನ್ನ ಯೋಗ್ಯತೆಯನ್ನು ಒಂದು ಹಾಳೆಯಲ್ಲಿ ತಿಳಿಯಪಡಿಸುವ ವಿದ್ಯೆಯು ಬೇಕಾಯಿತು. ಆ ವಿದ್ಯೆಯ ಚರಿತ್ರೆಯು ಕೌತುಕಕರವೂ ಪ್ರಯೋಜನಕರವೂ ಆಗಿರುವುದು.

ಬಾರಕೂರು ವಿಜಯನಗರದವರ ಒಂದು ರಾಜ್ಯಭಾಗದ ರಾಜಧಾನಿಯಾಗಿದ್ದ ಕಾಲದಲ್ಲಿ ಪ್ರಭುವಿನ ಮುಂದೆ ಪ್ರಜೆಯು ಹೇಳಿಕೊಳ್ಳುವ ಮಾತಿಗೆ ಬಿನ್ನಹವೆಂದು ಹೆಸರು. ಮುಂದೆ ಪಾರಸಿಯ ಮೂಲಕ ಅರ್ಜಿಯೆಂಬ ಶಬ್ದವು ಬಂದಿತು. ಅದರೊಡನೆ ಬಂದ ಉಮೇದುವಾರನೆಂಬ ಶಬ್ದವು ಇನ್ನೂ ಅರ್ಥವತ್ತಾದುದು. ಉಮೇದೆಂದರೆ ಆಸೆ, ಉಮೇದುವಾರನೆಂದರೆ ಆಸೆಯಿಂದ ಬಾಗಿಲಲ್ಲಿ ಕಾದಿರತಕ್ಕವನು. ಶಾನುಭೋಗಿಕೆಯಂತಹ ಅಧಿಕಾರಗಳು ಹೆಚ್ಚಾಗಿ ತಂದೆಯಿಂದ ಮಗನಿಗೆ ಬರುತ್ತಿದ್ದುವಾದ ಕಾರಣ, ಹೊರಗಿನವನು ಕೃಪೆಯನ್ನು ಯಾಚಿಸಬೇಕಾಗಿದ್ದಿತಲ್ಲದೆ ಯೋಗ್ಯತೆಯನ್ನು ಎಣಿಸಿ ತೋರಿಸುವ ಸಂದರ್ಭವೇ ವಿರಳವಾಗಿದ್ದಿತು.

1799ರಲ್ಲಿ ಈ ಸೀಮೆಯು ಕುಂಪಣಿಯವರ ವಶವಾಯಿತು. 1857ರಲ್ಲಿ ಮದರಾಸಿನಲ್ಲಿ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಮೆಟ್ರಿಕ್ಯುಲೇಶನ್ ಪರೀಕ್ಷೆಯು ಗುಮಾಸ್ತಗಿರಿಗೆ ಬಾಗಿಲಾಯಿತು. 1929ರ ಶಾಸನದಿಂದ ಮದರಾಸು ಪ್ರಾಂತಕ್ಕೆ ಪ್ರತ್ಯೇಕವಾದ ಸರ್ವಿಸ್ ಕಮಿಶನ್ನು ಏರ್ಪಟ್ಟಿತು. ಪ್ರಾಂತಗಳ ಪೈಕಿ ಇದೇ ಮೊದಲನೆಯದು. ಹೀಗೆ ಉದ್ಯೋಗವು ಕೃಪೆಯ ವಿಷಯವಾಗಿದ್ದುದು ಕ್ರಮೇಣ ಅರ್ಹತೆಯ ವಿಷಯವಾಗುತ್ತ ಬಂದಿತು. ಆದರೆ ಅರ್ಜಿಯ ಭಾಷೆಯು ಅಷ್ಟು ಬೇಗನೆ ಮಾರ್ಪಡಲಿಲ್ಲ. ಇಂಗ್ಲಿಷಿನಲ್ಲಿ ಬರೆದರೂ ಅದರ ಮೊದಲಲ್ಲಿ ಬೇಡಿಕೆ, ಕಡೆಯಲ್ಲಿ ವಿಧೇಯ ಸೇವಕನೆಂಬ ಅಂಕಿತ. ಒಡಲಲ್ಲಿ ಮಾತ್ರ ಪಾಸಾದ ಪರೀಕ್ಷೆಗಳ ಲೆಕ್ಕ.

ಇಂತಹ ಅರ್ಜಿಗಳಲ್ಲಿ ಒಂದು ಜಗತ್ಪ್ರಸಿದ್ಧವಾಗಿದೆ. ದಕ್ಷಿಣ ಕನ್ನಡವೂ ಸೇರಿದ್ದ ಅದೇ ಮದರಾಸು ಪ್ರಾಂತದಲ್ಲಿ, 1912ನೇ ಫೆಬ್ರವರಿ 9ನೇ ತಾರೀಕಿನಲ್ಲಿ, ಗಣಿತಜ್ಞರಾದ ಶ್ರೀನಿವಾಸ ರಾಮಾನುಜನ್ನರು ಮದರಾಸು ಪೋರ್ಟ್ ಟ್ರಸ್ಟಿನ ಗುಮಾಸ್ತಗಿರಿಗಾಗಿ ಬರೆದುಕೊಂಡರು. ಪತ್ರವು ಚಿಕ್ಕದು. ಮೆಟ್ರಿಕ್ಯುಲೇಶನ್ ಪಾಸಾಗಿರುವುದನ್ನೂ, ಎಫ್. ಎ. ತರಗತಿಯವರೆಗೆ ಓದಿ ಪ್ರತಿಕೂಲ ಸಂದರ್ಭಗಳಿಂದ ಮುಂದುವರಿಯಲಾಗದೆ ಹೋದುದನ್ನೂ ಮರೆಮಾಚದೆ ಹೇಳಿ, ಆ ಬಳಿಕ ಕಾಲವನ್ನೆಲ್ಲ ಗಣಿತಕ್ಕೆ ಮೀಸಲಿಟ್ಟುದನ್ನು ತಿಳಿಸಿ, ಕೆಲಸವನ್ನು ಸರಿಯಾಗಿ ನಿರ್ವಹಿಸುವ ಭರವಸೆಯನ್ನು ಕೊಟ್ಟರು. ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಮಿಡಲ್‌ಮಾಸ್ಟರ ಶಿಫಾರಸನ್ನೂ ಲಗತ್ತಿಸಿದರು. ಮಾರ್ಚ್ 1ರಿಂದ 30 ರೂಪಾಯಿ ಸಂಬಳದ ಕೆಲಸವು ದೊರೆಯಿತು. ಮರುವರ್ಷ ಜನವರಿಯಲ್ಲಿ ಕೇಂಬ್ರಿಜಿನ ಹಾರ್ಡಿಯವರಿಗೆ ಬರೆದಾಗಲೂ ತಾವು ಗುಮಾಸ್ತರೆಂಬುದನ್ನೂ ವಿಶ್ವವಿದ್ಯಾಲಯದ ಶಿಕ್ಷಣವಿಲ್ಲವೆಂಬುದನ್ನೂ ಮೊದಲೇ ಹೇಳಿ, ಪ್ರಮಾಣಪತ್ರಗಳ ಸ್ಥಾನದಲ್ಲಿ ತಮ್ಮ ಪ್ರಮೇಯಗಳನ್ನೇ ಇಟ್ಟರು. ಕೊರತೆಯನ್ನು ಒಂದು ವಾಕ್ಯದಲ್ಲಿ ಮುಗಿಸಿ ಸಾಧನೆಗೆ ಹಾಳೆಯನ್ನು ಬಿಟ್ಟುಕೊಡುವ ಕ್ರಮವು ಇಲ್ಲಿ ಕಾಣುವುದು.

ಓದುವವನಿಗೆ ಬೇಕಾದುದನ್ನು ಮೊದಲು ಹೇಳಬೇಕೆಂಬ ಸೂತ್ರವು ಇದಕ್ಕಿಂತಲೂ ಹಳೆಯದು. 1482ರ ಸುಮಾರಿಗೆ ಇಟಲಿಯ ಲಿಯೊನಾರ್ಡೊ ಡ ವಿಂಚಿಯು ಮಿಲಾನಿನ ಲುಡೊವಿಕೊ ಸ್ಫೋರ್ಜಾನ ಆಶ್ರಯವನ್ನು ಬಯಸಿ ಸಿದ್ಧಪಡಿಸಿದ ಪತ್ರದ ಕರಡು ಉಳಿದು ಬಂದಿದೆ. ಯುದ್ಧದ ಚಿಂತೆಯಲ್ಲಿದ್ದ ಆ ಪ್ರಭುವಿಗೆ ಅವನು ಹೊತ್ತೊಯ್ಯಬಹುದಾದ ಸೇತುವೆ, ಫಿರಂಗಿ, ಮುಚ್ಚಿದ ರಥ ಮೊದಲಾದುವನ್ನು ಅಂಕೆಯಿಟ್ಟು ವಿವರಿಸಿದನು. ಲೋಕವು ಇಂದು ಯಾವ ಚಿತ್ರಕಲೆಗಾಗಿ ಅವನನ್ನು ಕೊಂಡಾಡುವುದೋ ಅದಕ್ಕೆ ಪತ್ರದ ಕೊನೆಯಲ್ಲಿ ಮಾತ್ರ ಸ್ಥಳವು ದೊರೆಯಿತು.

ತನ್ನನ್ನು ಹೇಳಿಕೊಳ್ಳದೆ ಹೋದವನ ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯ ಶಾಲೆಯಲ್ಲಿ ವ್ಯಾಯಾಮದ ಉಪಾಧ್ಯಾಯ. ಅದ್ಭುತ ರಾಮಾಯಣವನ್ನು ರಚಿಸಿಯೂ ಅದು ತನ್ನದೆನ್ನದೆ ಹಳೆಯ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದನು. 1901ರಲ್ಲಿ, 31ನೆಯ ವಯಸ್ಸಿನಲ್ಲಿ, ಬಡತನದಲ್ಲಿ ಕ್ಷಯಕ್ಕೆ ತುತ್ತಾದನು. ಆತನೇ ಮುದ್ದಣನೆಂಬುದು ನಾಡಿಗೆ ತಿಳಿದುದು ಆ ಬಳಿಕ. ವಿನಯವು ಗುಣವೇ ಹೌದು. ಆದರೆ ನುಡಿಯದ ಗುಣವನ್ನು ಲೋಕವು ತಾನಾಗಿ ಅರಿತು ಮನ್ನಿಸುವುದೆಂಬ ನೆಚ್ಚಿಕೆಗೆ ಚರಿತ್ರೆಯ ಆಧಾರವು ಸಾಲದು.

ಕಾಗದವೇ ಇಲ್ಲದೆ ಗೆದ್ದವರೂ ಇದ್ದಾರೆ. ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1920ರ ಸುಮಾರಿಗೆ ಬೆಂಗಳೂರಿಗೆ ಹೋಗಿ ದೊಡ್ಡ ಮನೆಗಳಲ್ಲಿ ಅಡುಗೆಯ ಕೆಲಸವನ್ನು ಹಿಡಿದರು. 1924ರಲ್ಲಿ ಅವರು ತೆರೆದ ಬ್ರಾಹ್ಮಿನ್ಸ್ ಕಾಫಿ ಕ್ಲಬ್ಬೇ ಮುಂದೆ 1960ರಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರನ್ನು ತಳೆದುದು. ಅವರ ಯೋಗ್ಯತಾಪತ್ರವು ಎಲೆಯ ಮೇಲೆ ಬಡಿಸಲ್ಪಡುತ್ತಿದ್ದಿತು. ಮಾಡಿದ ಕೆಲಸವೇ ಸಾಕ್ಷಿಯೆಂಬ ಈ ನ್ಯಾಯವು ಬರೆಹದ ಅರ್ಜಿಗೂ ಸಲ್ಲುವುದು.

ಇಂದು ಬಯೋಡೇಟಾ, ರೆಸ್ಯೂಮೆ ಎಂದು ಹೆಸರುಗಳು ಬದಲಾಗಿವೆ. ಹಾಳೆಯ ಬದಲು ಯಂತ್ರದ ಪರದೆಯು ಬಂದಿದೆ. ಅರ್ಜಿಗಳನ್ನು ಕೆಲವೆಡೆ ಮನುಷ್ಯನಿಗಿಂತ ಮೊದಲು ಯಂತ್ರವೇ ಶೋಧಿಸುವುದೂ ಉಂಟು. ಆದರೂ ಮೇಲಣ ಚರಿತ್ರೆಯಿಂದ ಹೊರಡುವ ನೀತಿಯು ಹಳತಾಗಿಲ್ಲ. ಎಲ್ಲ ಉದ್ಯೋಗಗಳಿಗೂ ಒಂದೇ ಒಕ್ಕಣೆಯನ್ನು ಕಳುಹಿಸದೆ, ಬೇಡಿಕೆಯನ್ನು ಓದಿ ಅದಕ್ಕೆ ಒಪ್ಪುವುದನ್ನು ಮೇಲೆ ಬರೆಯುವುದು. ಶ್ರಮಶೀಲನೆಂಬ ವಿಶೇಷಣಕ್ಕಿಂತ ಯಾವ ವರ್ಷ ಯಾವ ಕೆಲಸವನ್ನು ಎಷ್ಟರಮಟ್ಟಿಗೆ ಪೂರೈಸಿದೆನೆಂಬ ಸಂಗತಿಯನ್ನು ಹೇಳುವುದು. ನಡುವೆ ಓದು ನಿಂತಿದ್ದರೆ ಸುಳ್ಳಿನಿಂದ ಮುಚ್ಚದೆ ಒಂದೇ ಮಾತಿನಲ್ಲಿ ತಿಳಿಸುವುದು. ತನ್ನನ್ನು ಬಲ್ಲವರ ಹೆಸರನ್ನು ಅವರ ಒಪ್ಪಿಗೆಯಿಂದ ಕಾಣಿಸುವುದು. ಕೊನೆಗೆ ತಪ್ಪಿಲ್ಲದಂತೆ ಎರಡು ಬಾರಿ ಓದಿ ಕಳುಹಿಸುವುದು.

ಬಿನ್ನಹಮಾಡುವವನು ಕೈಮುಗಿದು ನಿಂತಿದ್ದನು. ಯೋಗ್ಯತೆಯನ್ನು ನಿರೂಪಿಸುವವನು ನೆಟ್ಟಗೆ ನಿಲ್ಲಬಹುದು. ಆ ನಿಲುವನ್ನು ಗಳಿಸಿಕೊಡುವುದಕ್ಕೆ ನೂರಾರು ವರ್ಷಗಳು ಹಿಡಿದಿರಲು, ಬ್ರಹ್ಮಾವರದ ತರುಣನು ಇಂದು ತನ್ನ ಅರ್ಜಿಯನ್ನು ಬರೆಯುವಾಗ ಯಾಚನೆಯ ಮಾತನ್ನು ತೊರೆದು ಸತ್ಯದ ಮಾತನ್ನು ಬರೆಯತಕ್ಕದ್ದು.