ಬದಿಗೆ ಸರಿದ ಹೆದ್ದಾರಿ

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ವಯಸ್ಸಿನವರು ಆ ದೇಶದ ರಸ್ತೆಗಳನ್ನು ಬಾಯ್ತುಂಬ ಹೊಗಳುವುದುಂಟು. ಅವರು ಕಂಡವು ಬಹುಮಟ್ಟಿಗೆ ಊರುಗಳನ್ನು ಮುಟ್ಟದೆ ಸಾಗುವ ಅಂತರರಾಜ್ಯ ಹೆದ್ದಾರಿಗಳು. ಹಳ್ಳಿಗಾಡಿನ ಅಮೆರಿಕವನ್ನು ಕಾಣಬೇಕಾದರೆ ಅವುಗಳಿಂದ ಇಳಿದು ಹಳೆಯ ದಾರಿಯನ್ನು ಹಿಡಿಯಬೇಕು. ಆ ದಾರಿಗಳ ಇಂದಿನ ಪ್ರಶಾಂತತೆಗೆ ಊರುಗಳು ತೆತ್ತ ಬೆಲೆಯೇನೆಂಬುದನ್ನೂ ಅರಿತಿರಬೇಕು.

ಇಂತಹ ದಾರಿಗಳಲ್ಲಿ ಹೆಸರಾಂತದ್ದು ಹೆದ್ದಾರಿ 66. ಅಮೆರಿಕದ ಹೆದ್ದಾರಿಗಳಿಗೆ ಸಂಖ್ಯೆಗಳನ್ನು ನೀಡಿದ 1926ರಲ್ಲಿ ಹುಟ್ಟಿದ ಇದು ಷಿಕಾಗೋ ನಗರದಿಂದ ಹೊರಟು, ಎಂಟು ರಾಜ್ಯಗಳ ಮೂಲಕ ಕ್ಯಾಲಿಫೋರ್ನಿಯಾವನ್ನು ಸೇರುತ್ತಿತ್ತು. ಉದ್ದ ಸುಮಾರು 3,900 ಕಿ.ಮೀ. ಓಕ್ಲಹೋಮಾದ ಸೈರಸ್ ಏವರಿ ಇದಕ್ಕಾಗಿ ಬಹಳ ಶ್ರಮಿಸಿದವರು. ಇದರ ವಿಶೇಷವೆಂದರೆ, ಎಷ್ಟೋ ಸಣ್ಣ ಊರುಗಳಲ್ಲಿ ಹೆದ್ದಾರಿಯೇ ಪೇಟೆ ಬೀದಿಯಾಗಿತ್ತು. ಪೆಟ್ರೋಲ್ ಬಂಕು, ಊಟದ ಹೋಟೆಲು, ರಾತ್ರಿ ತಂಗುವ ಮೋಟೆಲು, ಇವೇ ಆ ಊರುಗಳ ಜೀವನಾಧಾರವಾದವು. 1930ರ ದಶಕದಲ್ಲಿ ಬರಗಾಲ, ಧೂಳುಬಿರುಗಾಳಿ ಹಾಗೂ ಆರ್ಥಿಕ ಕುಸಿತದಿಂದ ಕಂಗೆಟ್ಟ ರೈತಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟಿದ್ದೂ ಇದೇ ದಾರಿಯಲ್ಲಿ.

ಆದರೆ ಈ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಕಪ್ಪುವರ್ಣೀಯ ಪ್ರಯಾಣಿಕರಿಗೆ ಅನೇಕ ಕಡೆ ಊಟವಾಗಲಿ ವಸತಿಯಾಗಲಿ ದೊರೆಯುತ್ತಿರಲಿಲ್ಲ. ತಮ್ಮನ್ನು ಒಳಗೆ ಬಿಟ್ಟುಕೊಳ್ಳುವ ಮನೆ, ಹೋಟೆಲುಗಳ ವಿಳಾಸಗಳಿಗಾಗಿ ಅವರು, ವಿಕ್ಟರ್ ಗ್ರೀನ್ ಎಂಬ ಅಂಚೆ ಪೇದೆ 1936ರಲ್ಲಿ ಆರಂಭಿಸಿದ 'ಗ್ರೀನ್ ಬುಕ್' ಎಂಬ ಕೈಪಿಡಿಯನ್ನು ಜೊತೆಗಿಟ್ಟುಕೊಳ್ಳುತ್ತಿದ್ದರು. ಹಳೆಯ ಕಾಲದ ಸೊಬಗನ್ನು ನೆನೆಯುವಾಗ ಇದನ್ನು ಮರೆಯುವಂತಿಲ್ಲ.

1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರು ಅಂಕಿತ ಹಾಕಿದ ಕಾನೂನಿನಿಂದ 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಜಾಲದ ನಿರ್ಮಾಣಕ್ಕೆ ಹಣ ಹರಿಯಿತು. ಪ್ರಯಾಣ ವೇಗವಾಯಿತು, ಊರುಗಳು ಬದಿಗೆ ಸರಿದವು. ಆರಿಜೋನಾದ ಸೆಲಿಗ್‌ಮನ್ ಎಂಬ ಪುಟ್ಟ ಊರನ್ನು ಬಿಟ್ಟು ಹೊಸ ಹೆದ್ದಾರಿ ತೆರೆದದ್ದು 1978ರ ಸೆಪ್ಟೆಂಬರಿನಲ್ಲಿ. ಅದರೊಂದಿಗೆ ಊರಿನ ಗಿರಾಕಿಗಳೂ ಹೊರಟುಹೋದರು. 1985ರಲ್ಲಿ 66 ಎಂಬ ಸಂಖ್ಯೆಯೇ ಅಧಿಕೃತ ಪಟ್ಟಿಯಿಂದ ಅಳಿಯಿತು.

ಅದೇ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಡಿಲ್ಲೊ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಅವರು ನೆರೆಯವರೊಡನೆ ಸಂಘವೊಂದನ್ನು ಕಟ್ಟಿ, ಹಳೆಯ ದಾರಿಯನ್ನು ಚಾರಿತ್ರಿಕ ರಸ್ತೆಯೆಂದು ಮಾನ್ಯಮಾಡುವಂತೆ ರಾಜ್ಯವನ್ನು ಒತ್ತಾಯಿಸಿ ಸಫಲರಾದರು. ಪ್ರವಾಸಿಗಳು ಮರಳಿದರು. ಮುಂದೆ ಇತರ ರಾಜ್ಯಗಳಲ್ಲೂ ಇಂತಹ ಪ್ರಯತ್ನಗಳು ನಡೆದವು. ಸರ್ಕಾರ ಕೈಬಿಟ್ಟ ರಸ್ತೆಯನ್ನು ಉಳಿಸಲು ಮೊದಲಾದವರಲ್ಲಿ ಒಬ್ಬ ಕ್ಷೌರಿಕರಿದ್ದರೆಂಬುದು ಚರಿತ್ರೆಯ ಪಾಠಪುಸ್ತಕಗಳಲ್ಲಿ ಬರಬೇಕಾದ ಸಂಗತಿ.

ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ವರೆಗಿನ ಸುಮಾರು 140 ಕಿ.ಮೀ. ಹಳೆಯ ದಾರಿಯಲ್ಲಿ ಇಂದೂ ಸಾಗಬಹುದು. ಬಯಲು, ಗುಡ್ಡ, ಪಕ್ಕದಲ್ಲೇ ರೈಲುಹಳಿ. ನಡುವೆ ಹ್ವಾಲಪೈ ಮೂಲನಿವಾಸಿಗಳ ಪೀಚ್ ಸ್ಪ್ರಿಂಗ್ಸ್. ಅತ್ತ ಹೋಗುವ ಓದುಗ ಮಿತ್ರರು ಒಂದು ದಿನ ಹೆಚ್ಚು ಹಿಡಿದರೂ ಈ ದಾರಿಯಲ್ಲೇ ಹೋಗಲಿ. ಚಿತ್ರ ತೆಗೆದು ಮುಂದೆ ಸಾಗದೆ, ಆ ಊರುಗಳಲ್ಲಿ ಇಳಿದು ಒಂದು ಊಟವನ್ನಾದರೂ ಮಾಡಲಿ. ಆ ಊರುಗಳು ಇಂದಿಗೂ ಬದುಕಿರುವುದು ಹೀಗೆ ಇಳಿಯುವವರಿಂದಲೇ.